ಖಾಲಿ ಅಡಿಗಲ್ಲು

ಆಸ್ಟ್ರಿಯಾದ ಹಳ್ಳಿಯೊಂದರಲ್ಲಿ ಇನ್ನೂರು ವರ್ಷ ಹೊಳೆನೀರಿನ ಬಲದಿಂದ ಕುಡುಗೋಲು ಬಡಿದ ಕುಲುಮೆಯೊಂದು ಪೆಟ್ಟಿಗೆಗಳಲ್ಲಿ ಬಹರೈನಿಗೆ ಬಂದು, ಅರಾದಿನ ಪ್ರವಾಸಿ ತೋಟದಲ್ಲಿ ಮರುಹುಟ್ಟು ಪಡೆಯಿತು. ಹೊಳೆ ಮಾತ್ರ ಪೆಟ್ಟಿಗೆಗೆ ಹಿಡಿಸಲಿಲ್ಲ. ಹಾಗಾಗಿ ಉಪ್ಪು ತೆಗೆದ ಸಮುದ್ರದ ನೀರನ್ನು ಪಂಪಿನಿಂದ ಎತ್ತಿ ಸುತ್ತಿಗೆ ಓಡಿಸುವ ಚಕ್ರದ ಮೇಲೆ ಸುರಿಯುವ ಏರ್ಪಾಡಾಯಿತು. ಅದರ ಉಸ್ತುವಾರಿ ಜಯದೇವ ಆಚಾರ್ಯನದು.

ಕಾರ್ಕಳದ ಕುಲುಮೆಯಲ್ಲೇ ಬೆಳೆದ ಜಯದೇವನಿಗೆ ಮೊದಲ ದಿನವೇ ಸಂಕಟ. ವಿಮೆಯವರು ಬೆಂಕಿ ಬೇಡವೆಂದಿದ್ದರು. ಬೆಂಕಿಯಿಲ್ಲದ ಮೇಲೆ ಕಾದ ಕಬ್ಬಿಣವೆಲ್ಲಿ? ಒಂದು ಕ್ವಿಂಟಲ್ ತೂಕದ ಸುತ್ತಿಗೆ, ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಬರಿದೇ ಬೀಳಬೇಕು. ಅವನಪ್ಪನಿಗೆ ಬಾರದ ಬೈಗುಳವಿರಲಿಲ್ಲ. ಆದರೆ ಖಾಲಿ ಅಡಿಗಲ್ಲಿಗೆ ಹೊಡೆದವನೊಡನೆ ಆತ ದಿನವಿಡೀ ಮಾತೇ ಬಿಡುತ್ತಿದ್ದ.

ಉದ್ಘಾಟನೆಯ ಹಿಂದಿನ ದಿನ ಜಯದೇವ ಅಡಿಗಲ್ಲಿನ ಮೇಲೆ ದಪ್ಪ ಮರದ ತುಂಡಿಟ್ಟು ಸುತ್ತಿಗೆ ಓಡಿಸಿದ. ಮ್ಯಾನೇಜರ್ ಗ್ಲೆನಿಟಾ ಧಾವಿಸಿ ಬಂದಳು.

“ಎಂತದು ಜಯಣ್ಣ, ತೆಂಗಿನಕಾಯಿ ಬಿದ್ದ ಹಾಗೆ ಕೇಳ್ತದೆ?”

“ಮರ ಇಟ್ಟಿದ್ದೇನೆ ಮೇಡಂ. ಖಾಲಿ ಹೊಡೆದ್ರೆ ಸುತ್ತಿಗೆ ಬಿರಿತದೆ.”

“ಇನ್ನೂರು ವರ್ಷ ಬಿರಿಯದ್ದು ನಾಳೆ ಬಿರಿತದಾ ಮಾರಾಯ್ರೆ?”

“ಇನ್ನೂರು ವರ್ಷ ಅದಕ್ಕೆ ಕೆಲಸ ಇತ್ತು.”

“ನಮ್ಗೂ ಕೆಲಸ ಉಂಟು. ಜನ ಬರುದೇ ಠಣ್ ಅಂತ ಕೇಳ್ಲಿಕ್ಕೆ. ಯಜಮಾನರಿಗೆ ನಾನೆಂತ ಹೇಳ್ಲಿ, ಆಚಾರಿಗಳಿಗೆ ಸುತ್ತಿಗೆ ಮೇಲೆ ಪಾಪ ಕಾಣ್ತದೆ ಅಂತ್ಲಾ?”

ಅವಳ ದನಿಯಲ್ಲಿ ಬೆದರಿಕೆಯೇನೂ ಇರಲಿಲ್ಲ. ಮುಂದಿನ ತಿಂಗಳು ತನ್ನ ವೀಸಾ ನವೀಕರಣಕ್ಕೆ ಸಹಿ ಹಾಕಬೇಕಾದವಳೂ ಇವಳೇ ಎಂಬುದನ್ನು ಜಯದೇವನೇ ನೆನಪಿಸಿಕೊಂಡ.

ಮರುದಿನ ತೋಟವೆಲ್ಲ ಫೋನೆತ್ತಿ ನಿಂತಿತ್ತು. ಗ್ಲೆನಿಟಾ ಕೈಬೀಸಿದಳು. ಜಯದೇವ ಮರದ ತುಂಡನ್ನು ತಾನೇ ತೆಗೆದ, ಚಕ್ರಕ್ಕೆ ನೀರು ಬಿಡುವ ತೂಬನ್ನೂ ತಾನೇ ಎತ್ತಿದ. ಠಣ್ ಎಂದಿತು. ಜನ ಹೋ ಎಂದರು. ಹದಿನೇಳನೆಯ ಹೊಡೆತಕ್ಕೆ ಬಂದದ್ದು ಒಡಕು ಮಡಕೆಯ ಸದ್ದು. ಚಪ್ಪಾಳೆಗೆ ಅದರ ಗೊಡವೆಯಿರಲಿಲ್ಲ.

ಜಯದೇವ ತೂಬು ಇಳಿಸಿದ. ಜನ ಚದುರಿದ ಮೇಲೆ ಸುತ್ತಿಗೆಯ ಕೆನ್ನೆಯ ಮೇಲೆ ಉಗುರು ಎಳೆದ. ಅದು ಒಂದೆಡೆ ಸಿಕ್ಕಿಕೊಂಡಿತು.

“ಬಿರಿದಿದೆ ಮೇಡಂ.”

ಗ್ಲೆನಿಟಾ ಬಗ್ಗಿ ನೋಡಿದಳು. “ಜನರಿಗೆ ಕಾಣ್ತದಾ?”

“ಇಲ್ಲ.”

“ಉಸ್ಸಪ್ಪ! ಹೆದರಿಸಿಬಿಟ್ರಿ. ನಾಳೆಯಿಂದ ಗಂಟೆಗೊಂದು ಸಲ, ಆಯ್ತಾ?”

ಜಯದೇವ ತೂಬಿನ ಹಿಡಿಯನ್ನು ಬಿಚ್ಚಿ, ಒರೆಸಿ, ಅವಳ ಮುಂದೆ ಹಿಡಿದ.

“ಇವತ್ತಿನದ್ದು ನಾನು ಮಾಡಿದ್ದು. ನಾಳೆ ನೀವೇ ಎತ್ತಿ. ಜನರನ್ನು ಸ್ವಲ್ಪ ದೂರ ನಿಲ್ಲಿಸಿ, ಸುತ್ತಿಗೆಯ ತುಂಡು ಹಾರುದಾದ್ರೆ ಹೇಳಿ ಕೇಳಿ ಹಾರುದಿಲ್ಲ.”

ಅವಳು ಕೈ ಚಾಚಲಿಲ್ಲ. ಅವನು ಹಿಡಿಯನ್ನು ಅಡಿಗಲ್ಲಿನ ಮೇಲಿಟ್ಟು ಹೊರಟ.