ಭಂಡಾರ ಟೆಸ್ಟ್

ಸಂಗ್ರಾಮನ ಕೈಯಲ್ಲಿ ಟೀವಿಯ ರಿಮೋಟ್ ಇತ್ತು. ಅದನ್ನು ಅಂಗೈಯಲ್ಲಿ ಹೊರಳಿಸುತ್ತ, ಕಣ್ಣು ಅರ್ಧ ಮುಚ್ಚಿ, ಮೈಕಿನ ಕಡೆ ಬಾಗಿ ಹೇಳುತ್ತಿದ್ದ:

"ಫ್ರೆಂಡ್ಸ್, ಈ ಫೋನನ್ನು ಕೈಯಲ್ಲಿ ಹಿಡಿದಾಗ ಒಂದು ಪ್ರೀಮಿಯಂ ಅನುಭವ ಸಿಗುತ್ತದೆ. ಅಂಚುಗಳು ಎಷ್ಟು ನಯವಾಗಿವೆ ಅಂದರೆ... ವಾವ್."

ಆ ಫೋನು ಆಗಿನ್ನೂ ಚೀನಾ ಬಿಟ್ಟು ಹೊರಟಿರಲಿಲ್ಲ.

ಇದು ೨೦೧೮ರ ಮಾತು. ನಾವಿಬ್ಬರೂ ಸೇರಿ 'ವಾರದ ಫೋನು' ಎಂಬ ಪಾಡ್‌ಕಾಸ್ಟ್ ನಡೆಸುತ್ತಿದ್ದೆವು. ಪಾಡ್‌ಕಾಸ್ಟ್ ಎಂದರೆ ರೇಡಿಯೋ ಇದ್ದ ಹಾಗೆಯೇ; ಯಾರೂ ಕೇಳದಿದ್ದರೂ ನಡೆಯುತ್ತದೆ ಅನ್ನುವುದೊಂದೇ ವ್ಯತ್ಯಾಸ. ಅಕ್ಕೋಳದಲ್ಲಿ ಸಂಗ್ರಾಮನ ಮನೆಯ ಹಿಂದಿನ ತಂಬಾಕಿನ ಕೋಣೆಯೇ ನಮ್ಮ ಸ್ಟುಡಿಯೋ. ಸುತ್ತಲೂ ಚೀಲ ಒಟ್ಟಿದ್ದರಿಂದ ದನಿ ಗೋಡೆಗೆ ಬಡಿದು ವಾಪಸು ಬರುತ್ತಿರಲಿಲ್ಲ. ಬದಲಿಗೆ ಸೀನು ಬರುತ್ತಿತ್ತು. ಸಂಗ್ರಾಮ ಸೀನುಗಳನ್ನು ಕತ್ತರಿಸಿ ಆ ಜಾಗದಲ್ಲಿ ಗಿಟಾರು ತುಂಬುತ್ತಿದ್ದ. ಹೊಸ ಮಾಲು ಬಂದ ತಿಂಗಳುಗಳಲ್ಲಿ ನಮ್ಮ ಸಂಚಿಕೆಗಳ ತುಂಬ ಗಿಟಾರು.

ಮನೆಯಲ್ಲಿ, ಹೊಲದಲ್ಲಿ, ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ನಮ್ಮೆಲ್ಲರ ಹಾಗೆ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವ ಸಂಗ್ರಾಮ, ಮೈಕು ಕಂಡ ಕೂಡಲೇ ಬೇರೆ ಯಾರದೋ ಕನ್ನಡ ಮಾತಾಡುತ್ತಿದ್ದ. ಅವನ ಪ್ರಕಾರ ಪ್ರತಿ ವಾರವೂ ಒಂದು ಕ್ರಾಂತಿ. ಒಂದು ಕಂಪನಿ ಇಯರ್‌ಫೋನ್ ಚುಚ್ಚುವ ತೂತು ತೆಗೆದುಹಾಕಿದರೆ ಕ್ರಾಂತಿ; ಮರುವಾರ ಇನ್ನೊಂದು ಕಂಪನಿ ಅದೇ ತೂತನ್ನು ಉಳಿಸಿಕೊಂಡರೆ ಅದೂ ಕ್ರಾಂತಿ. ಪರದೆಯ ಹಣೆಯ ಮೇಲಿನ ಒಂದು ಕರಿ ಪಟ್ಟಿಯ ಬಗ್ಗೆ ಅವನು ಇಡೀ ಒಂದು ಸಂಚಿಕೆ ಮಾತಾಡಿದ್ದಾನೆ. ಅಷ್ಟು ಹೊತ್ತೂ ಕರೆಂಟು ಇರಲಿಲ್ಲ.

ನಾನು ವಿಶ್ವಾಸ. ಚಿಕ್ಕೋಡಿ ಕೋರ್ಟಿನ ಎದುರಿಗೆ ಒಬ್ಬ ವಕೀಲರ ಹತ್ತಿರ ಟೈಪಿಂಗ್ ಮಾಡುತ್ತೇನೆ. ದಿನವಿಡೀ ಅಫಿಡವಿಟ್ಟು. ಪ್ರತಿಯೊಂದರ ಕೊನೆಗೂ 'ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಪ್ರಕಾರ ಸತ್ಯ' ಎಂಬ ಸಾಲು. ಆ ಸಾಲು ತಲೆಯಲ್ಲಿ ಕೂತುಬಿಟ್ಟು, ಬಾಳೆಹಣ್ಣು ಹಣ್ಣಾಗಿದೆ ಎಂದು ಹೇಳುವುದಕ್ಕೂ ಒಮ್ಮೆ ಒತ್ತಿ ನೋಡಬೇಕು ಅನ್ನಿಸುತ್ತದೆ. ಪಾಡ್‌ಕಾಸ್ಟಿನಲ್ಲಿ ನನ್ನ ಕೆಲಸ ಎರಡು. ಇಂಗ್ಲಿಷ್ ವೆಬ್‌ಸೈಟುಗಳಿಂದ ವಾರದ ಸುದ್ದಿಯನ್ನು ಕನ್ನಡಕ್ಕೆ ಇಳಿಸಿ ಬರೆಯುವುದು. ಮೈಕು ಚುಚ್ಚಿ ರೆಕಾರ್ಡ್ ಮಾಡಲು ನನ್ನ ಹಳೆಯ ಫೋನು ಕೊಡುವುದು. ಬರೆಯುವಾಗ ಪ್ರತಿ ವಾಕ್ಯದ ಕೊನೆಗೆ 'ಎಂದು ಹೇಳಲಾಗಿದೆ' ಎಂದು ಸೇರಿಸುತ್ತಿದ್ದೆ. ಓದುವಾಗ ಸಂಗ್ರಾಮ ಅದೊಂದನ್ನು ಮಾತ್ರ ಬಿಡುತ್ತಿದ್ದ.

"ಲೇ, ನಾವ್ ಒಂದ್ ಫೋನೂ ಮುಟ್ಟಿಲ್ಲ ಅಂತ ಒಂದ್ ಮಾತರೆ ಹೇಳೂನಲ್ಲೋ," ಎಂದು ಕೇಳಿದೆ ಒಂದು ಸಲ.

"ಹೇಳಿದ್ರ ಯಾರ ಕೇಳ್ತಾರೋ? ಕ್ರಿಕೆಟ್ ಕಾಮೆಂಟ್ರಿ ಹೇಳಾವ ಬ್ಯಾಟ್ ಹಿಡದಾನೇನ?"

"ಅಂವ ಮ್ಯಾಚರೆ ನೋಡ್ತಾನಲ್ಲೋ."

"ನೀ ಕೋರ್ಟ್ ಬಿಟ್ಟ ಹೊರಗ ಬಾ ಮೊದಲ."

ಕೇಳುವವರು ಇಲ್ಲವೆಂದಲ್ಲ. ಕಾಗವಾಡದ ಕಡೆಯ ತವನಪ್ಪ ಎಂಬ ದ್ರಾಕ್ಷಿ ಬೆಳೆಗಾರರೊಬ್ಬರು ತಪ್ಪದೆ ಕೇಳುತ್ತಿದ್ದರು. ತಪ್ಪದೆ ಒಂದೇ ಪ್ರಶ್ನೆ ಕಳಿಸುತ್ತಿದ್ದರು: 'ದ್ರಾಕ್ಷಿಗೆ ಔಷಧದ ಪೌಡರ್ ಹೊಡಿಯೂ ಮುಂದ ಅದು ಕಿಸೆದಾಗಿನ ಫೋನಿನೊಳಗ ಹೋದ್ರ ತಡೀತೈತೇನ್ರಿ?' ಸಂಗ್ರಾಮ ಉತ್ತರಿಸುತ್ತಿರಲಿಲ್ಲ. ಆ ವಿಷಯ ಯಾವ ಕಂಪನಿಯ ಕಾಗದದಲ್ಲೂ ಇರಲಿಲ್ಲ.

ಇದೆಲ್ಲದರ ನಡುವೆ ನನಗಿದ್ದ ಆಸೆ ಒಂದೇ. ಒಂದು ಸಲವಾದರೂ ಆ ಮೈಕಿನ ಮುಂದೆ, ಕೊನೆಗೆ 'ಎಂದು ಹೇಳಲಾಗಿದೆ' ಹಚ್ಚಬೇಕಾಗಿಲ್ಲದ ಒಂದು ವಾಕ್ಯ ಹೇಳಬೇಕು. ಕಣ್ಣಿನಿಂದ ಕಂಡದ್ದು, ಕೈಯಿಂದ ಮುಟ್ಟಿದ್ದು.

ಒಂದು ದಿನ ಪುಣೆಯಿಂದ ಮೇಲ್ ಬಂತು. ವೆಲ್ಟಾ ಎಂಬ ಕಂಪನಿಯ ಪ್ರಚಾರ ನೋಡಿಕೊಳ್ಳುವವರು. 'ನಿಮ್ಮ ಉತ್ಸಾಹ ನಮಗೆ ಬಹಳ ಇಷ್ಟವಾಯಿತು, ವೆಲ್ಟಾ ನೈನ್ ಕಳಿಸುತ್ತಿದ್ದೇವೆ, ಬಳಸಿ ನೋಡಿ ವಾಪಸು ಕಳಿಸಿ' ಎಂದಿತ್ತು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಉತ್ಸಾಹ ಮಾತ್ರ ಕೇಳಿಸಿತ್ತು.

ನಿಪ್ಪಾಣಿಯ ಕೊರಿಯರ್ ಆಫೀಸಿನಿಂದ ಡಬ್ಬಿ ತಂದು ಪಡಸಾಲೆಯಲ್ಲಿ ಬಿಚ್ಚಿದೆವು. ಅಷ್ಟು ಸಲ ವರ್ಣಿಸಿದ ವಸ್ತು ಎದುರಿಗೆ ಬಂದಾಗ ಸಂಗ್ರಾಮನಿಗೆ ಅದನ್ನು ಎಲ್ಲಿ ಒತ್ತಿ ಚಾಲೂ ಮಾಡಬೇಕು ಅನ್ನುವುದೂ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಅಜ್ಜಿ ಸಕ್ಕುಬಾಯಿ ಒಳಗಿನಿಂದ ಬಂದರು. ನಾವಿಬ್ಬರೂ ಕರೆಯುವುದು ಆಯಿ ಎಂದೇ.

"ಏನೋ ಅದು ಹೊಸಾದು? ತಾ ಇಲ್ಲಿ. ಮೊದಲ ಖಂಡೋಬನ ಮುಂದ ಇಡಬೇಕು."

"ಆಯಿ, ಇದು ನಮ್ದಲ್ಲ. ಪರತ ಕೊಡೂದೈತಿ."

"ಅಂದ್ರ ಇನ್ನೂ ಚಂದಂಗ ಮಾಡಬೇಕು. ಮಂದಿ ಸಾಮಾನು. ಏನರೆ ಆದ್ರ ಯಾರ ಜವಾಬ್ದಾರಿ?"

ಈ ಮಾತಿಗೆ ನಮ್ಮ ವಕೀಲರ ಹತ್ತಿರವೂ ಉತ್ತರ ಇರಲಾರದು. ಆ ಮನೆಗೆ ಬಂದ ಟ್ರ್ಯಾಕ್ಟರಿಗೂ ವಾಶಿಂಗ್ ಮಶೀನಿಗೂ ಆಯಿಯ ಕೈಯಿಂದ ಭಂಡಾರ ಬಿದ್ದಿದೆ. ಭಂಡಾರ ಎಂದರೆ ಮನೆದೇವರು ಖಂಡೋಬನ ಪೂಜೆಯ ಅರಿಷಿಣ ಪುಡಿ. ಆಯಿ ಅದನ್ನು ಚಿಟಿಕೆಯಲ್ಲಿ ಹಾಕುವವರಲ್ಲ, ಮುಷ್ಟಿಯಲ್ಲಿ ಎರಚುವವರು. ಪ್ರತಿ ದಸರೆಗೆ ರೆಕಾರ್ಡಿಂಗಿನ ನನ್ನ ಹಳೆಯ ಫೋನಿಗೂ ಅದು ಬೀಳುತ್ತದೆ. ಅದರ ಗುಂಡಿಗಳೆಲ್ಲ ಹಳದಿ.

"ಫೋಟೋ ಚಲೋ ಬರ್ತೈತಿ, ಮಾಡ್ಲಿ ಬಿಡಲೇ," ಎಂದ ಸಂಗ್ರಾಮ. "ಧೂಳ ತಡೀತೈತಿ ಅಂತ ಡಬ್ಬಿ ಮ್ಯಾಲ ಬರದಾರ."

ಆಯಿ ವೆಲ್ಟಾ ನೈನನ್ನು ದೇವರ ಮುಂದೆ ನೆಟ್ಟಗೆ ನಿಲ್ಲಿಸಿದರು, ಚಾರ್ಜಿಂಗ್ ತೂತು ಮೇಲೆ ಮಾಡಿ. ತೀರ್ಥ ಚಿಮುಕಿಸಿದರು. "ಯಳಕೋಟ ಯಳಕೋಟ" ಎಂದು ದೇವರ ಜಯಕಾರ ಹಾಕುತ್ತ ಮುಷ್ಟಿ ಬಿಚ್ಚಿದರು. ಫೋಟೋ ನಿಜಕ್ಕೂ ಚೆನ್ನಾಗಿ ಬಂತು.

ಮರುದಿನದ ಹೊತ್ತಿಗೆ ತೂತಿನೊಳಗೆ ನೀರು ಅರಿಷಿಣ ಕೂಡಿ ಗಾರೆಯಂತೆ ಗಟ್ಟಿಯಾಗಿತ್ತು. ಸಂಗ್ರಾಮ ಸೂಜಿ ಹಾಕಿದ, ಊದಿದ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಒಳಗೆ ಏನೋ ಮುರಿದ ಸಪ್ಪಳವಾಯಿತು. ಫೋನು ಇಂಗ್ಲಿಷಿನಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಿ ಕಣ್ಣು ಮುಚ್ಚಿತು.

ನನಗೆ ಹೆದರಿಕೆಯಾಯಿತು. ಆ ಹೆದರಿಕೆಯ ಕೆಳಗೆ ಒಂದು ಖುಷಿ ಸಣ್ಣಗೆ ಕುಣಿಯುತ್ತಿತ್ತು. ಜಗತ್ತಿನ ಒಂದು ಫೋನಿನ ಬಗ್ಗೆ ನನಗೆ ಖಾತ್ರಿಯಾದ ಒಂದು ಸಂಗತಿ ಗೊತ್ತಾಗಿತ್ತು.

ಆ ಭಾನುವಾರ ರೆಕಾರ್ಡಿಂಗಿಗೆ ಕೂತಾಗ ಸತ್ತ ವೆಲ್ಟಾ ನೈನ್ ಪಕ್ಕದಲ್ಲೇ ಇತ್ತು. ಸಂಗ್ರಾಮ ಅಭ್ಯಾಸದಂತೆ ರಿಮೋಟ್ ಹಿಡಿದಿದ್ದ.

"ಫ್ರೆಂಡ್ಸ್, ಕೊನೆಗೂ ವೆಲ್ಟಾ ನೈನ್ ನನ್ನ ಕೈಯಲ್ಲಿದೆ. ಬ್ಯಾಟರಿ ಅಂತೂ ಎರಡು ದಿನ ಆರಾಮಾಗಿ ಬರುತ್ತಿದೆ..."

ಚಹಾ ತಂದ ಆಯಿ ಬಾಗಿಲಲ್ಲೇ ನಿಂತರು. "ಸುಳ್ಳ ಯಾಕ ಹೇಳ್ತೀಯೋ ಭಾಡ್ಯಾ? ಅದು ನಿನ್ನಿಯಿಂದ ಸತ್ತ ಬಿದ್ದೈತಲ್ಲ."

"ಆಯಿ, ರೆಕಾರ್ಡಿಂಗ್ ನಡದೈತಿ!"

"ನಡೀಲಿ. ನಮ್ಮ ವಾಶಿಂಗ್ ಮಶೀನ್ ಮುಷ್ಟಿಗಟ್ಲೆ ಭಂಡಾರ ತಿಂದ್ರೂ ಗಿರಗಿರ ತಿರಗತೈತಿ. ಇದು ಒಂದ್ ತುತ್ತಿಗೆ ಹೋತು. ಇಂಥಾ ಅಶಕ್ತ ಜೀವಾ ಮನಿಗ್ಯಾಕ ತರ್ತೀರಿ?"

ಆಗ ನಾನು ಮೈಕಿನ ಕಡೆ ಬಾಗಿದೆ. "ಆಯಿ ಹೇಳೂದು ಖರೇ ಐತ್ರಿ. ಭಂಡಾರ ಹೊಕ್ಕಾಗಿಂದ ಈ ಫೋನ್ ಚಾರ್ಜ್ ಆಗಿಲ್ಲ. ನಾನ ಕಣ್ಣಾರೆ ನೋಡೇನಿ."

ಹೇಳಿ ಮುಗಿಸಿ ಸೀನಿದೆ.

"ಇದನ್ನೆಲ್ಲ ಕತ್ತರಸ್ತೀನಿ," ಎಂದ ಸಂಗ್ರಾಮ, ಹಲ್ಲು ಕಚ್ಚಿ. ಕತ್ತರಿಸಿಯೂ ಬಿಟ್ಟ. ಗಿಟಾರು ತುಂಬಿದ ಸಂಚಿಕೆಯನ್ನು ನನ್ನ ಫೋನಿಗೆ ಹಾಕಿಕೊಟ್ಟ. ಅಕ್ಕೋಳದಲ್ಲಿ ನೆಟ್‌ವರ್ಕು ಬೇವಿನ ಮರದ ಕೆಳಗೆ ಮಾತ್ರ, ಅದೂ ಗಾಳಿ ಇಲ್ಲದಾಗ. ಹಾಗಾಗಿ ಸಂಚಿಕೆಗಳನ್ನು ಚಿಕ್ಕೋಡಿಯ ಆಫೀಸಿನಿಂದ ನಾನೇ ಏರಿಸುತ್ತಿದ್ದೆ. ಫೋನಿನಲ್ಲಿ ಕತ್ತರಿಸಿದ್ದೂ ಇತ್ತು, ಕತ್ತರಿಸದ್ದೂ ಇತ್ತು. ನಾನು ಕತ್ತರಿಸದ್ದನ್ನು ಏರಿಸಿದೆ, ಜೊತೆಗೆ ಪೂಜೆಯ ಹಳದಿ ಫೋಟೋ. ಕೈ ತಪ್ಪಿತು ಎಂದು ಸಂಗ್ರಾಮನಿಗೆ ಆಮೇಲೆ ಹೇಳಿದೆ. ಅಫಿಡವಿಟ್ಟು ಹೊಡೆಯುವವನ ಕೈ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಅವನು ಬಯ್ಯುತ್ತಿರುವಾಗಲೇ ತವನಪ್ಪನವರ ಸಂದೇಶ ಬಂತು: 'ಮೊದಲನೇ ಸಲ ಉಪಯೋಗದ ಮಾತು ಹೇಳಿದ್ರಿ. ಅಜ್ಜಿಯವರಿಗೆ ನಮಸ್ಕಾರ.' ಅವರು ಸಂಚಿಕೆಯನ್ನು ದ್ರಾಕ್ಷಿಯವರ ಗುಂಪಿಗೆ ಕಳಿಸಿದ್ದರು. ಅಲ್ಲಿಂದ ಅದು ಅಥಣಿಗೆ ಹೋಯಿತು, ರಾಯಬಾಗಕ್ಕೆ ಹೋಯಿತು. ಸಕ್ಕರೆ ಕಾರಖಾನೆಯ ಬೂದಿ ತಡೆಯುತ್ತದೆಯೇ, ಜರ್ದಾದ ಪುಡಿ ತಡೆಯುತ್ತದೆಯೇ, ಎಮ್ಮೆ ತುಳಿದರೆ ಹೇಗೆ ಎಂದೆಲ್ಲ ಪ್ರಶ್ನೆ ಬರತೊಡಗಿದವು. ಫೋನಿನ ಬಗ್ಗೆ ಜನಕ್ಕೆ ಇಷ್ಟೊಂದು ಕೇಳುವುದಿತ್ತು ಎಂದು ನಮಗೆ ತಿಳಿದಿರಲೇ ಇಲ್ಲ.

ಪುಣೆಯಿಂದ ಬೈಗುಳ ಬರುತ್ತದೆಂದು ನಾನು ಊಟ ಬಿಟ್ಟು ಕಾದೆ. ಮೇಲ್ ಬಂತು. 'ಕೇಳುಗರ ಸಂಖ್ಯೆ ಅದ್ಭುತ! ಆ ಹಿರಿಯ ಮಹಿಳೆ ಯಾರು? ಆಕೆಯ ದನಿಯಲ್ಲಿ ನಮ್ಮ ಫೋನಿನ ಮೇಲೆ ಎಂಥ ಪ್ರೀತಿ! ಹಳೆಯದನ್ನು ನೀವೇ ಇಟ್ಟುಕೊಳ್ಳಿ. ವೆಲ್ಟಾ ನೈನ್ ಪ್ರೊ ಕಳಿಸುತ್ತಿದ್ದೇವೆ. ಆ ಹಳದಿ ಕಾರ್ಯಕ್ರಮ ಮತ್ತೊಮ್ಮೆ ಇರಲಿ.'

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಜೀವಮಾನದಲ್ಲಿ ಮೈಕಿನ ಮುಂದೆ ಹೇಳಿದ ಒಂದೇ ಒಂದು ಸತ್ಯ, ಅವರ ಲೆಕ್ಕದಲ್ಲಿ ಜಾಹೀರಾತಾಗಿತ್ತು.

"ನಿನ್ನ ಸತ್ಯ ಭಾರಿ ಓಡ್ತಲೇ!" ಸಂಗ್ರಾಮ ನನ್ನ ಬೆನ್ನಿಗೆ ಗುದ್ದಿದ. ಸಿಟ್ಟೆಲ್ಲ ಇಳಿದಿತ್ತು. "ಇನ್ನ ಮ್ಯಾಲ ಪ್ರತಿ ಫೋನಿಗೂ ಭಂಡಾರ ಟೆಸ್ಟ್. ಆಯಿ ನಮ್ಮ ಎಕ್ಸ್‌ಪರ್ಟ್."

ನೈನ್ ಪ್ರೊ ಬಂತು. ನೈನೇ ಅದು, ಬೆನ್ನಿನ ಬಣ್ಣ ಬೇರೆ. ಆ ಭಾನುವಾರ ರೆಕಾರ್ಡಿಂಗನ್ನು ದೇವರ ಮುಂದೆಯೇ ಇಟ್ಟುಕೊಂಡೆವು. ಚಾರ್ಜರಿಗೆ ಗೋಡೆಯ ಪ್ಲಗ್ಗು ಅಲ್ಲೇ ಹತ್ತಿರವಿತ್ತು. ನಾನು ನನ್ನ ಫೋನಿನ ರೆಕಾರ್ಡಿಂಗ್ ಗುಂಡಿ ಒತ್ತಿದ ಮೇಲೆ, ಸಂಗ್ರಾಮ ನನ್ನ ಕೈಗೆ ಒಂದು ಚೀಟಿ ತುರುಕಿದ. ಟೆಸ್ಟ್ ಮುಗಿದ ಮೇಲೆ ನಾನು ಓದಬೇಕಾದದ್ದು. 'ಭಂಡಾರ ಟೆಸ್ಟಿನಲ್ಲಿ ವೆಲ್ಟಾ ನೈನ್ ಪ್ರೊ ಭರ್ಜರಿ ಪಾಸ್! ನಾನು ಕಣ್ಣಾರೆ ನೋಡಿದೆ.'

ಆಯಿಗೆ ಕೊಡಲೆಂದು ನೈನ್ ಪ್ರೊ ಎತ್ತಿಕೊಂಡೆ. ತೂತಿನ ಹತ್ತಿರ ಉಗುರಿಗೆ ಏನೋ ತಗುಲಿತು. ಪಾರದರ್ಶಕ ಟೇಪು, ಬಹಳ ಜೋಪಾನವಾಗಿ ಕತ್ತರಿಸಿ ಅಂಟಿಸಿದ್ದು.

"ಟೇಪ್ ಹಚ್ಚೀಯೇನೋ?" ಪಿಸುಗುಟ್ಟಿದೆ.

"ಸುಮ್ಕಿರಲೇ. ಪುಣೇದವರು ಫೋನ್ ಮಾಡಿದ್ರು, ಟೆಸ್ಟ್ ಐತಿ ಅಂದೆ, ಪಾಸ್ ಆದ್ರ ಚಲೋ ಅಂದ್ರು."

"ಕಣ್ಣಾರೆ ನೋಡಿದೆ ಅಂತ ನಾ ಹೆಂಗ ಹೇಳ್ಲಿ?"

"ಪಾಸ್ ಆಗೂದು ಕಣ್ಣಿಗೆ ಕಾಣತೈತಲ್ಲ! ಅದನ್ನ ಹೇಳು. ಟೇಪ್ ಬಗ್ಗೆ ನಿನ್ನ ಯಾರ ಕೇಳ್ಯಾರ?"

ಅವನ ಮಾತಿನಲ್ಲಿ ಕಾನೂನಿನ ಪ್ರಕಾರ ತಪ್ಪೆಲ್ಲಿದೆ ಎಂದು ನಾನು ಹುಡುಕುತ್ತ ನಿಂತೆ. ನನ್ನ ಸ್ವಭಾವ ಅಂಥದು. ಆಯಿ ಕೈ ಚಾಚಿ ಫೋನು ತೆಗೆದುಕೊಂಡರು, ಬೆಳಕಿಗೆ ಹಿಡಿದರು.

"ಇದರ ಬಾಯಿಗೆ ಏನೋ ಹಚ್ಚಿದ್ದು?"

"ಏನಿಲ್ಲ ಆಯಿ, ಅದರದ ಕವರ್ ಅದು," ಎಂದ ಸಂಗ್ರಾಮ.

"ದೇವರ ಮುಂದ ಬಾಯಿ ಬಿಗದು ಕುಂದರಸ್ತಾರೇನೋ, ಖಬರಗೇಡಿ? ಪ್ರಸಾದ ಹೆಂಗ ತಿನಬೇಕದು?"

ಉಗುರಿನಿಂದ ಎಬ್ಬಿಸಿ ಟೇಪು ಕಿತ್ತು ಅವನ ಅಂಗಿಗೇ ಅಂಟಿಸಿದರು. ತೀರ್ಥ. ಭಂಡಾರ. ಈ ಸಲ ಎರಡು ಮುಷ್ಟಿ, ಹಿಂದಿನದು ಅಶಕ್ತವಾಗಿತ್ತಲ್ಲ ಎಂಬ ಕಾಳಜಿಯಿಂದ.

ಸಂಗ್ರಾಮ ನನ್ನನ್ನೇ ನೋಡುತ್ತಿದ್ದ. ಚೀಟಿ ನನ್ನ ಕೈಯಲ್ಲಿತ್ತು. ನಾನು ಅವಸರ ಮಾಡಲಿಲ್ಲ. ಚಾರ್ಜರ್ ತಂದು ಚುಚ್ಚಿದೆ. ಅದು ಅರ್ಧಕ್ಕೇ ನಿಂತಿತು. ಒರೆಸಿ ಮತ್ತೆ ಚುಚ್ಚಿದೆ. ಕರೆಂಟು ಇದೆಯೋ ಇಲ್ಲವೋ ಎಂದು ದೀಪ ಹಾಕಿ ನೋಡಿದೆ, ಇತ್ತು. ಚಹಾ ಆರುವ ತನಕ ಕಾದೆ. ಪರದೆಯ ಮೇಲೆ ಚಾರ್ಜಿನ ಗುರುತು ಮೂಡಲಿಲ್ಲ. ಆಮೇಲೆ ಮೈಕಿನ ಕಡೆ ಬಾಗಿದೆ.

"ಟೇಪ್ ಹಚ್ಚಿತ್ರಿ. ಆಯಿ ತಗದ್ರು. ಭಂಡಾರ ಒಳಗ ಹೋತು. ಈಗ ಚಾರ್ಜ್ ಆಗವಲ್ದು. ತವನಪ್ಪಣ್ಣಾ, ನೀವು ಪೌಡರ್ ಹೊಡಿಯೂ ಮುಂದ ಇದನ್ನ ಮನ್ಯಾಗ ಇಟ್ಟ ಹೋಗ್ರಿ."

ರೆಕಾರ್ಡಿಂಗ್ ನಿಲ್ಲಿಸಿ, ನನ್ನ ಫೋನನ್ನು ಒಳಗಿನ ಜೇಬಿಗೆ ಹಾಕಿ ಚಪ್ಪಲಿ ಮೆಟ್ಟಿದೆ.

"ಲೇ, ಎಲ್ಲಿ ಹೊಂಟಿ? ಅದನ್ನ ಕತ್ತರಿಸೂದೈತಿ!"

"ಹೋಗಲಿ ಬಿಡೋ," ಎಂದರು ಆಯಿ, ಕೈಯ ಅರಿಷಿಣವನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಅವನ ಬಸ್ ತಪ್ಪತೈತಿ."

ಚಿಕ್ಕೋಡಿಗೆ ಬಂದು ಆಫೀಸಿನ ಬೀಗ ತೆಗೆದು ಸಂಚಿಕೆ ಏರಿಸಿದೆ. ಕೆಳಗೆ ವಿವರ ಬರೆಯುವಾಗ ಬೆರಳು ತಾನಾಗಿ 'ಎಂದು' ತನಕ ಹೊಡೆದಿತ್ತು; ಅಳಿಸಿದೆ. ಉಳಿದದ್ದು ಒಂದೇ ಹೆದರಿಕೆ: ಪುಣೆಯವರಿಗೆ ಇದೂ ಬಹಳ ಇಷ್ಟವಾಗಿಬಿಟ್ಟರೆ?