ವಂದನಾರ್ಪಣೆಗೆ ಮುಂಚೆ

ಎಂಜಿನಿಯರುಗಳ ಸಂಘದ ಸ್ಥಳೀಯ ಶಾಖೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ನಿಯಮಾವಳಿಯಲ್ಲೂ ಬರೆದದ್ದಲ್ಲ. ಆದರೆ ನಿಯಮಾವಳಿಯ ಮುಖ ನೋಡದವರೂ ಅದನ್ನು ತಪ್ಪದೆ ಪಾಲಿಸುತ್ತಿದ್ದರು. ತಿಂಗಳ ಉಪನ್ಯಾಸಕ್ಕೆ ಮುಂಚೆ ಕಾರ್ಯಕ್ರಮ ಕಾರ್ಯದರ್ಶಿಯಾದವರು ಮೂರು ಚೀಟಿ ಬರೆದು, ಸಭೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತ ಮೂವರು ನಂಬಿಗಸ್ತರ ಕೈಗೆ ಗುಟ್ಟಾಗಿ ತುರುಕಬೇಕು. ಒಂದು ಚೀಟಿಗೆ ಒಂದು ಪ್ರಶ್ನೆ. ಉಪನ್ಯಾಸ ಮುಗಿದು "ಈಗ ಪ್ರಶ್ನೆಗಳಿಗೆ ಅವಕಾಶ" ಎಂದ ಮೇಲೆ ಸಭೆಯಲ್ಲಿ ಮೌನ ಬೀಳಬಾರದು. ಬಿದ್ದರೆ ಮಾತಾಡಲು ಬಂದವರಿಗೆ ಅವಮಾನ, ಶಾಖೆಗೆ ಕೆಟ್ಟ ಹೆಸರು.

ಗುಟ್ಟು ಎಂದರೆ ಹೆಸರಿಗೆ ಗುಟ್ಟು. ಒಮ್ಮೆ ಈಗಿನ ಅಧ್ಯಕ್ಷರೇ ಅದನ್ನು ಬೀದಿಗೆ ತಂದಿದ್ದರು. ಬಾಯ್ಲರ್ ತಪಾಸಣೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದ ಅವರು ಎಲ್ಲರ ಬಾಯಲ್ಲಿ ಬಾಯ್ಲರ್ ಸಾರ್ ಆಗಿಬಿಟ್ಟಿದ್ದರು. ಆ ದಿನ ಕನ್ನಡಕ ಮರೆತು ಬಂದು, ಪಕ್ಕದವರ ಕನ್ನಡಕ ಏರಿಸಿಕೊಂಡು, ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದರು: "ಎರಡನೆಯವರಾಗಿ ಕೇಳಿ. ಎದ್ದು ನಿಂತು ಕೇಳಿ. ತಮ್ಮ ಅನುಭವದಲ್ಲಿ ತುಕ್ಕು ತಡೆಯುವ..." ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಪನ್ಯಾಸಕರೂ ನಕ್ಕರು. ಮುಂದಿನ ತಿಂಗಳು ಚೀಟಿಗಳು ಎಂದಿನಂತೆ ಬಂದವು.

ಈಗ ಚೀಟಿ ಬರೆಯುವ ಕೆಲಸ ಅವಳದು. ನೀರು ಸರಬರಾಜು ಕಚೇರಿಯಲ್ಲಿ ಪಂಪು, ಟ್ಯಾಂಕುಗಳ ಉಸ್ತುವಾರಿ ನೋಡುವ ಎಂಜಿನಿಯರ್. ಎರಡು ವರ್ಷದಿಂದ ಶಾಖೆಯ ಕಾರ್ಯಕ್ರಮ ಕಾರ್ಯದರ್ಶಿ. ಸಭಾಂಗಣ ಕಾದಿರಿಸುವುದು, ಒಂದೇ ಒಂದು ಮೈಕಿಗೆ ಹೊಸ ಬ್ಯಾಟರಿ ಹಾಕುವುದು, ಮೂವತ್ತು ಕಪ್ ಚಹಾಕ್ಕೆ ಹೇಳಿ ಇಪ್ಪತ್ತೆರಡು ಜನ ಬಂದಾಗ ಉಳಿದದ್ದನ್ನು ತಾನೇ ಕುಡಿಯುವುದು, ಎಲ್ಲವನ್ನೂ ಅವಳು ಮುಖ ಸಿಂಡರಿಸದೆ ಮಾಡುತ್ತಿದ್ದಳು. ಚೀಟಿ ಬರೆಯಲು ಕೂತಾಗ ಮಾತ್ರ ಕೈ ತಡೆಯುತ್ತಿತ್ತು.

ಅದಕ್ಕೆ ಕಾರಣ ಹನ್ನೊಂದು ವರ್ಷ ಹಳೆಯದು. ಅವಳು ಆಗಷ್ಟೇ ಪದವಿ ಮುಗಿಸಿ ಶಾಖೆಗೆ ಸೇರಿದ್ದಳು. ಅವಳ ದೊಡ್ಡಪ್ಪ ಅದೇ ನೀರು ಸರಬರಾಜು ಕಚೇರಿಯ ಮುಖ್ಯಸ್ಥರಾಗಿ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಊರಿನ ದಿಣ್ಣೆಯ ಮೇಲೆ ತಾವು ಕಟ್ಟಿಸಿದ ದೊಡ್ಡ ಟ್ಯಾಂಕಿನ ಬಗ್ಗೆ ಅಂದು ಒಂದು ಗಂಟೆ ಮಾತಾಡಿದರು. ಮಾತು ಚೆನ್ನಾಗಿತ್ತು. ಆಗಿನ ಕಾರ್ಯದರ್ಶಿ ಮೂರನೆಯ ಚೀಟಿಯನ್ನು ಅವಳ ಕೈಗೆ ಕೊಟ್ಟಿದ್ದರು, ಮನೆಯ ಹುಡುಗಿ ಕೇಳಿದರೆ ಚೆಂದ ಎಂದು. ಅವಳು ಎದ್ದು ಓದಿದಳು: "ಈ ಟ್ಯಾಂಕನ್ನು ಇವತ್ತು ಮತ್ತೆ ಕಟ್ಟುವುದಾದರೆ ಯಾವುದನ್ನು ಬೇರೆ ರೀತಿ ಮಾಡುತ್ತೀರಿ?"

ದೊಡ್ಡಪ್ಪ ಬಾಯಿ ತೆರೆದರು. ಮುಚ್ಚಿದರು. ನೆಲ ನೋಡಿದರು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಯಾರೋ ಕೆಮ್ಮಿದರು. ಕಾರ್ಯದರ್ಶಿ ಬೆಂಕಿ ತಗುಲಿದವರಂತೆ ಎದ್ದು ಬಂದು ಮೈಕ್ ತೆಗೆದುಕೊಂಡು, "ಸಮಯದ ಅಭಾವದಿಂದ" ಎಂದು ಶುರುಮಾಡಿ ವಂದನಾರ್ಪಣೆ ಮುಗಿಸಿಯೇಬಿಟ್ಟರು. ಚಪ್ಪಾಳೆ, ಚಹಾ. ವೇದಿಕೆಯ ಮೇಲೆ ದೊಡ್ಡಪ್ಪ ತಮ್ಮ ಕಾಗದಗಳನ್ನು ಒಂದೊಂದಾಗಿ ಮಡಚುತ್ತ ನಿಂತಿದ್ದದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು.

ಆಮೇಲೆ ಅವರು ಸಂಘದ ಕಡೆ ತಲೆ ಹಾಕಲಿಲ್ಲ. ಅವಳು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದಳು; ಇಬ್ಬರೂ ಪಂಪು, ಪೈಪು, ಮೊಣಕಾಲು ನೋವು, ಪ್ರಪಂಚದ್ದೆಲ್ಲ ಮಾತಾಡುತ್ತಿದ್ದರು. ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಾಲ್ಕು ಜನರ ಮುಂದೆ ನಾನೇ ಅವರ ಬಾಯಿ ಕಟ್ಟಿಸಿದೆ ಎಂಬುದು ಅವಳೊಳಗೆ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ನಡೆಯುವಾಗ ನೋಯದು, ಒತ್ತಿದರೆ ನೋವು.

ಈ ವರ್ಷ ಅದನ್ನು ಒತ್ತಿದವರು ಬಾಯ್ಲರ್ ಸಾರ್. ವರ್ಷಕ್ಕೆ ಎಂಟು ಕಾರ್ಯಕ್ರಮ ನಡೆಸದ ಶಾಖೆಯನ್ನು ಪಕ್ಕದ ದೊಡ್ಡ ಶಾಖೆಯೊಳಗೆ ಸೇರಿಸಿಬಿಡುತ್ತೇವೆ ಎಂದು ಕೇಂದ್ರ ಕಚೇರಿ ಪತ್ರ ಬರೆದಿತ್ತು. ಏಳು ಆಗಿದ್ದವು. ಎಂಟನೆಯದಕ್ಕೆ ಬರಬೇಕಿದ್ದ ಭೂಕಂಪ ತಜ್ಞರು ಮನೆಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಉಳಿದದ್ದು ನಾಲ್ಕು ದಿನ.

"ಭೂಮಿ ಅಲುಗಾಡಿದ್ರೆ ಏನ್ ಮಾಡ್ಬೇಕು ಅಂತ ಊರಿಗೆಲ್ಲ ಹೇಳೋ ಮನುಷ್ಯ, ಮೆಟ್ಟಿಲು ಮೇಲೆ ಅಲುಗಾಡಿಬಿಟ್ಟ ನೋಡಿ," ಎಂದರು ಬಾಯ್ಲರ್ ಸಾರ್ ಅವಳ ಮೇಜಿನ ಎದುರು ಕೂತು. "ನಗಬೇಡಿ ಕಾರ್ಯದರ್ಶಿಗಳೇ. ನಿಮ್ಮ ದೊಡ್ಡಪ್ಪನ್ನ ಕರೀರಿ."

"ಅವರು ಬರಲ್ಲ ಸಾರ್."

"ಕೇಳಿದ್ರಾ?"

ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

"ಹನ್ನೊಂದು ವರ್ಷದಲ್ಲಿ ಒಂದ್ಸಲನೂ ಕೇಳಿಲ್ಲ, ಬರಲ್ಲ ಅಂತ ಹೇಳೋದು ಮಾತ್ರ ಗೊತ್ತು," ಎಂದು ಅವರು ಎದ್ದರು. "ಪ್ರೆಷರ್ ನೋಡದೇನೇ ಬಾಯ್ಲರ್‌ಗೆ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು ಇದು."

ಮಾರನೆಯ ದಿನ ಸಂಜೆ ಅವಳು ದೊಡ್ಡಪ್ಪನ ಮನೆಗೆ ಹೋದಾಗ ಅವರು ಅಡುಗೆಮನೆಯ ನಲ್ಲಿಯ ವಾಷರ್ ಬದಲಿಸುತ್ತಿದ್ದರು. ದೊಡ್ಡಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು.

"ಬಾರೇ, ನೋಡು ನಿನ್ನ ದೊಡ್ಡಪ್ಪನ್ನ. ಊರಿಗೆಲ್ಲ ನೀರು ಕುಡಿಸಿದ ಮಹಾನುಭಾವರು. ಮನೆ ನಲ್ಲಿ ಮೂರು ದಿನದಿಂದ ತೊಟ್ಟಿಕ್ತಿದೆ."

"ಟಾರ್ಚ್ ನನ್ನ ಕಣ್ಣಿಗೆ ಬಿಡಬೇಡ, ನಲ್ಲಿಗೆ ಬಿಡು," ಎಂದರು ದೊಡ್ಡಪ್ಪ.

ಅವಳು ಟಾರ್ಚ್ ತೆಗೆದುಕೊಂಡಳು. ಮುಖ ನೋಡದೆ ಮಾತಾಡಲು ಅದೇ ಅನುಕೂಲವಾಯಿತು. ಭೂಕಂಪ ತಜ್ಞರ ಕಾಲು, ಎಂಟನೆಯ ಕಾರ್ಯಕ್ರಮ, ನಾಲ್ಕು ದಿನದಲ್ಲಿ ಒಂದು ಕಳೆದದ್ದು ಎಲ್ಲ ಹೇಳಿದಳು. ದೊಡ್ಡಪ್ಪ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದರು.

"ಬೇರೆ ಯಾರನ್ನಾದ್ರೂ ನೋಡಮ್ಮ."

ಇನ್ನು ತಡೆಯಲಾಗಲಿಲ್ಲ. "ದೊಡ್ಡಪ್ಪ, ಆವತ್ತು ನಾನು ಆ ಪ್ರಶ್ನೆ ಕೇಳಬಾರದಿತ್ತು. ಚೀಟಿಲಿ ಇದ್ದದ್ದನ್ನ ಓದಿಬಿಟ್ಟೆ. ನಿಮಗೆ ಅಷ್ಟು ಬೇಜಾರಾಗುತ್ತೆ ಅಂತ..."

ಸ್ಪ್ಯಾನರ್ ನಿಂತಿತು. "ಯಾರು ಹೇಳಿದ್ದು ನಿನಗೆ, ಬೇಜಾರಾಯ್ತು ಅಂತ?"

"ನೀವು ಏನೂ ಮಾತಾಡಲಿಲ್ಲವಲ್ಲ."

"ಲೆಕ್ಕ ಹಾಕ್ತಿದ್ದೆ."

ಟಾರ್ಚಿನ ಬೆಳಕು ನಲ್ಲಿ ಬಿಟ್ಟು ಗೋಡೆಗೆ ಹೋಯಿತು.

"ಪ್ರಶ್ನೆ ಒಳ್ಳೇದಿತ್ತು. ಉತ್ತರಕ್ಕೆ ಒಂದು ಲೆಕ್ಕ ಬೇಕಿತ್ತು, ಬಾಯಿಗೆ ಬಂದದ್ದು ಹೇಳೋ ಹಾಗಿರಲಿಲ್ಲ. ಇನ್ನೇನು ಮುಗೀಬೇಕು, ಆ ಮನುಷ್ಯ ಬಂದು ಮೈಕ್ ಕಿತ್ಕೊಂಡು ವಂದನೆ ಹೇಳಿಬಿಟ್ಟ. ಕಾಂಕ್ರೀಟ್ ಗಟ್ಟಿಯಾಗೋಕೆ ಇಪ್ಪತ್ತೆಂಟು ದಿನ ಕಾಯ್ತೀರಿ ನೀವೆಲ್ಲ. ಒಬ್ಬ ಮನುಷ್ಯ ಯೋಚನೆ ಮಾಡೋಕೆ ಎರಡು ನಿಮಿಷ ಕಾಯಲ್ಲ."

"ಮತ್ತೆ ಯಾಕೆ ಬರೋದೇ ಬಿಟ್ಟಿರಿ?"

"ಉತ್ತರ ಬಾಕಿ ಇಟ್ಕೊಂಡು ಯಾವ ಮುಖ ಹೊತ್ಕೊಂಡು ಬರಲಿ? ಮತ್ತೆ ಯಾರಾದ್ರೂ ಕೇಳ್ತಾರೇನೋ ಅಂತ ಒಂದು ವರ್ಷ ಕಾದೆ. ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

"ಅಯ್ಯೋ, ಇಬ್ಬರೂ ಸರಿಯಾಗಿದ್ದೀರಿ," ಎಂದಳು ದೊಡ್ಡಮ್ಮ. "ವಾರ ವಾರ ಎದುರುಬದುರು ಕೂತು ಚಹಾ ಕುಡಿದ್ರಲ್ಲ, ಬಾಯಲ್ಲಿ ಏನಿತ್ತು?"

ನಲ್ಲಿ ತೊಟ್ಟಿಕ್ಕುವುದು ನಿಂತಿತ್ತು. ದೊಡ್ಡಪ್ಪ ಕೈ ಒರೆಸಿಕೊಂಡು, ಬರುತ್ತೇನೆ ಎಂದರು. ಚೀಟಿ ಮಾತ್ರ ಬೇಡ. ಉತ್ತರ ಏನೆಂದು ಅವಳು ಕೇಳಿದ್ದಕ್ಕೆ, "ಅಲ್ಲೇ ಕೇಳು," ಎಂದರು.

ಕಾರ್ಯಕ್ರಮಕ್ಕೆ ಮೂವತ್ತೊಂದು ಜನ ಬಂದರು. ಚಹಾ ಒಂದು ಕಪ್ ಕಡಿಮೆಯಾಗುತ್ತದಲ್ಲ ಎಂದು ಅವಳು ಎಣಿಸಿ ತಲೆ ಕೆರೆದುಕೊಂಡಳು. ದೊಡ್ಡಮ್ಮ ಮೂರನೆಯ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟು ಪರೀಕ್ಷೆಗೆ ಕೂತವರಂತೆ ಕೂತಿದ್ದಳು. ಚೀಟಿ ಇಲ್ಲ ಎಂದು ತಿಳಿದಾಗ ಬಾಯ್ಲರ್ ಸಾರ್ ಮುಖದ ಬಣ್ಣವೇ ಬದಲಾಯಿತು.

"ಒಂದೂ ಇಲ್ವಾ? ಒಂದು ಚಿಕ್ಕದು?"

"ಒಂದೂ ಇಲ್ಲ ಸಾರ್."

"ಸೇಫ್ಟಿ ವಾಲ್ವ್ ಬಿಚ್ಚಿಟ್ಟು ಬಾಯ್ಲರ್ ಹತ್ತಿಸ್ತಿದ್ದೀರಿ," ಎಂದು ಗೊಣಗುತ್ತ ಅವರು ಮುಂದಿನ ಸಾಲಿಗೆ ಹೋದರು.

ದೊಡ್ಡಪ್ಪ ನಲವತ್ತು ನಿಮಿಷ ಅದೇ ಟ್ಯಾಂಕಿನ ಬಗ್ಗೆ ಮಾತಾಡಿದರು. ಮೂವತ್ತಮೂರು ವರ್ಷದಲ್ಲಿ ಎಲ್ಲಿ ಬಿರುಕು ಬಂತು, ಎಲ್ಲಿ ಬರಲಿಲ್ಲ, ಯಾಕೆ. ಸ್ಲೈಡುಗಳಲ್ಲಿ ಒಂದು ಟ್ಯಾಂಕಿನ ಬುಡದ ವಾಲ್ವ್ ಕೋಣೆಯದು, ಗಿಡ್ಡ ಕಬ್ಬಿಣದ ಬಾಗಿಲು. ಆರು ವರ್ಷದಿಂದ ಅವಳು ಆ ಕೋಣೆಗೆ ಹೋಗಿಬರುತ್ತಿದ್ದಳು. ಎರಡು ಸಲ ಹಣೆ ಬಡಿಸಿಕೊಂಡಿದ್ದಳು ಕೂಡ.

ಮಾತು ಮುಗಿಯಿತು. ಅವಳು ಮೈಕ್ ಹಿಡಿದು ಎದ್ದಳು. "ಈ ಟ್ಯಾಂಕನ್ನು ಇವತ್ತು ಮತ್ತೆ ಕಟ್ಟುವುದಾದರೆ ಯಾವುದನ್ನು ಬೇರೆ ರೀತಿ ಮಾಡುತ್ತೀರಿ?"

ದೊಡ್ಡಪ್ಪ ನೆಲ ನೋಡಿದರು.

ಹನ್ನೊಂದು ವರ್ಷ ಇಟ್ಟುಕೊಂಡ ಉತ್ತರ ತಟ್ಟನೆ ಬರುತ್ತದೆ ಎಂದುಕೊಂಡಿದ್ದಳು ಅವಳು. ಬರಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕಿತು. ಹಿಂದೆ ಯಾರದೋ ಕುರ್ಚಿ ಕಿರ್‌ ಎಂದಿತು. ಮುಂದಿನ ಸಾಲಿನಲ್ಲಿ ಬಾಯ್ಲರ್ ಸಾರ್ ವಂದನಾರ್ಪಣೆಯ ಕಾಗದ ಬಿಡಿಸಿದರು, ಅವಳ ಕಡೆ ನೋಡಿದರು, ಅರ್ಧ ಎದ್ದರು, ಕೈ ಚಾಚಿದರು. ಇದ್ದದ್ದು ಒಂದೇ ಮೈಕ್. ಅವಳು ಅದರ ಗುಂಡಿಯೊತ್ತಿ ಆರಿಸಿ, ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತಳು. ಬಾಯ್ಲರ್ ಸಾರ್ ಅರ್ಧ ಎದ್ದವರು ಹಾಗೆಯೇ ಒಂದು ಕ್ಷಣ ಇದ್ದು, ಮೆಲ್ಲಗೆ ಕೂತರು.

ಕೆಲಸದಲ್ಲಿ ಎಷ್ಟೊಂದು ಮೌನಗಳನ್ನು ಅವಳು ಕೇಳಿಸಿಕೊಂಡಿದ್ದಳು. ಪಂಪು ನಿಂತಾಗಿನದು, ಕರೆಂಟು ಹೋದಾಗಿನದು. ಅವೆಲ್ಲ ಏನೋ ಕೆಟ್ಟಿದೆ ಎಂದು ಹೇಳುವ ಮೌನಗಳು. ಇದು ಹಾಗಿರಲಿಲ್ಲ. ಇದರಲ್ಲಿ ಏನೋ ನಡೆಯುತ್ತಿತ್ತು.

"ವಾಲ್ವ್ ಕೋಣೆ ಬಾಗಿಲು," ಎಂದರು ದೊಡ್ಡಪ್ಪ ಕೊನೆಗೆ. ಮೈಕಿಲ್ಲದ ದನಿ, ಜನ ಮುಂದಕ್ಕೆ ಬಾಗಿದರು. "ಅದನ್ನ ಎತ್ತರ ಮಾಡ್ತಿದ್ದೆ. ಅದರ ನಕ್ಷೆ ನಾನು ಮಾಡಿದ್ದಲ್ಲ. ಬೇರೆ ಕಡೆಯ ತಪಾಸಣೆ ಕೋಣೆಯದನ್ನ ಹಾಗೇ ಎತ್ತಿ ಇಟ್ಟುಬಿಟ್ಟೆ. ಅದು ಆರು ತಿಂಗಳಿಗೊಮ್ಮೆ ತೆಗೆಯೋ ಕೋಣೆ, ನಾಲ್ಕೂವರೆ ಅಡಿ ಸಾಕು. ನಮ್ಮದರಲ್ಲಿ ನೀರು ಬಿಡೋನು ದಿನಕ್ಕೆ ನಾಲ್ಕು ಸಲ ಹೋಗಬೇಕು. ಬೆಳಿಗ್ಗೆ ತೆರೆಯೋಕೆ, ಮುಚ್ಚೋಕೆ. ಸಂಜೆ ತೆರೆಯೋಕೆ, ಮುಚ್ಚೋಕೆ. ನಾಲ್ಕು ಸಲ ಅಂದ್ರೆ ಎಂಟು ಸಲ ಬಗ್ಗಬೇಕು."

ಅವರು ಸ್ವಲ್ಪ ತಡೆದರು. ಈ ಸಲ ಯಾರೂ ಕೆಮ್ಮಲಿಲ್ಲ.

"ಇಪ್ಪತ್ತೆರಡು ವರ್ಷ ಒಬ್ಬನೇ ಆ ಕೆಲಸ ಮಾಡಿದ. ಆವತ್ತಿನ ನನ್ನ ಉಪನ್ಯಾಸಕ್ಕೆ ಒಂದು ವಾರ ಮುಂಚೆ ಕೆಲಸದಿಂದ ನಿವೃತ್ತನಾಗಿ, ಕೀಲಿ ಕೊಡೋಕೆ ನನ್ನ ಕಚೇರಿಗೆ ಬಂದ. ನನ್ನ ಕಚೇರಿ ಬಾಗಿಲು ಏಳು ಅಡಿ. ಅವನು ಬಗ್ಗಿ ಒಳಗೆ ಬಂದ. ಮರ್ಯಾದೆಗೆ ಬಗ್ಗಿದ ಅಂದ್ಕೊಂಡೆ. ಹೋಗುವಾಗ ಬೆನ್ನು ನನ್ನ ಕಡೆ ಇತ್ತು. ಆಗಲೂ ಬಗ್ಗಿದ."

ಮೂರನೆಯ ಸಾಲಿನಲ್ಲಿ ದೊಡ್ಡಮ್ಮ ಕೈಚೀಲದ ಹಿಡಿ ಬಿಟ್ಟಳು.

"ಅರವತ್ತನಾಲ್ಕು ಸಾವಿರದ ಇನ್ನೂರ ನಲವತ್ತು ಸಲ. ರಜೆ ಕಳೆದಿಲ್ಲ, ಅವನು ರಜೆ ಹಾಕಿದ್ದನ್ನ ನಾನು ನೋಡಿಲ್ಲ. ಆವತ್ತು ಈ ಹುಡುಗಿ ಕೇಳಿದಾಗ ಇದೇ ಗುಣಾಕಾರ ಮಾಡ್ತಿದ್ದೆ. ಇವತ್ತು ಗುಣಾಕಾರ ಗೊತ್ತಿತ್ತು. ಹೇಳೋಕೆ ಸ್ವಲ್ಪ ಹೊತ್ತು ಬೇಕಾಯ್ತು."

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಆಗ ಹಿಂದಿನ ಸಾಲಿನಿಂದ ಲಿಫ್ಟ್ ಕಂಪನಿಯ ಎಂಜಿನಿಯರ್ ಹೆಂಗಸು ಎದ್ದಳು. ಎಂದೂ ಬಾಯಿ ಬಿಟ್ಟವಳಲ್ಲ. ಚೀಟಿ ಕೊಟ್ಟರೂ ಪಕ್ಕದವರಿಗೆ ದಾಟಿಸುತ್ತಿದ್ದವಳು.

"ಸಾರ್, ಆ ಬಾಗಿಲು ಈಗ ಎಷ್ಟಿದೆ?"

ದೊಡ್ಡಪ್ಪ ಆ ಪ್ರಶ್ನೆ ತಮ್ಮದಲ್ಲ ಎಂಬಂತೆ ಮೈಕ್ ಅವಚಿಕೊಂಡು ನಿಂತ ಕಾರ್ಯದರ್ಶಿಯ ಕಡೆ ತಿರುಗಿದರು. ಅವರ ನೋಟದಲ್ಲಿ ಆಕ್ಷೇಪವಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಮೂವತ್ತೊಂದು ಜನರೂ ತಿರುಗಿದರು.

ಅವಳಿಗೆ ಬೆಳಿಗ್ಗೆ ದಿಣ್ಣೆಯ ಮೇಲೆ ಕಂಡದ್ದು ನೆನಪಾಯಿತು. ಹೊಸದಾಗಿ ಸೇರಿದ ನೀರು ಬಿಡುವವನು ಆ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಿದ್ದ, ಅವನ ಹಿಂದೆಯೇ ಅವಳೂ ಬಗ್ಗಿ ಹೋಗಿದ್ದಳು, ಮೀಟರಿನ ಅಂಕಿ ಬರೆದುಕೊಂಡು ಬಗ್ಗಿ ಹೊರಗೆ ಬಂದಿದ್ದಳು. ಹಣೆ ಬಡಿಯದಂತೆ ಬಗ್ಗುವುದನ್ನು ಕಲಿತೆ ಎಂದು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು.

ಗಡಿಯಾರದ ಮುಳ್ಳು ಮುಂದೆ ಹೋಯಿತು. ಈ ಸಲ ಬಾಯ್ಲರ್ ಸಾರ್ ಅಲುಗಾಡಲಿಲ್ಲ.

"ಈಗಲೂ ನಾಲ್ಕೂವರೆ," ಎಂದಳು ಅವಳು.

"ಒಡೆದು ಎತ್ತರ ಮಾಡೋಕೆ ಆಗುತ್ತಾ?" ಲಿಫ್ಟ್ ಎಂಜಿನಿಯರ್ ಬಿಡಲಿಲ್ಲ.

"ಒಂದೂವರೆ ದಿನದ ಕೆಲಸ," ಎಂದರು ದೊಡ್ಡಪ್ಪ ತಟ್ಟನೆ. "ಬಾಗಿಲ ಮೇಲಿನ ಗೋಡೆ ಭಾರ ಹೊತ್ತಿಲ್ಲ, ಒಡೆದ್ರೆ ಏನೂ ಆಗಲ್ಲ."

ಆಮೇಲೆ ಒಬ್ಬರ ಮೇಲೊಬ್ಬರು ಎದ್ದರು. ತಾವು ಹಾಕಿಸಿದ ಕಾಲು ಜಾರುವ ಏಣಿ, ಕೈಗೆಟುಕದ ಸ್ವಿಚ್ಚು, ಒಬ್ಬರೇ ತಿರುಗಿಸಲಾಗದ ವಾಲ್ವಿನ ಗಾಲಿ. ಅವು ಪ್ರಶ್ನೆಗಳೂ ಆಗಿರಲಿಲ್ಲ. ಬಾಯ್ಲರ್ ಸಾರ್ ತಾವೊಮ್ಮೆ, ಒತ್ತಡದ ಗೇಜು ಯಾರಿಗೂ ಕಾಣದ ಎತ್ತರದಲ್ಲಿದ್ದ ಬಾಯ್ಲರನ್ನು ತಪಾಸಣೆಯಲ್ಲಿ ಒಪ್ಪಿಕೊಂಡದ್ದನ್ನು ಹೇಳಿದರು, ಹೇಳಿ ಕೂತರು. ವಂದನಾರ್ಪಣೆಯ ಕಾಗದ ಅವರ ಮೊಣಕಾಲ ಮೇಲೆ ಬಿಡಿಸಿದಂತೆಯೇ ಇತ್ತು. ಅದು ಯಾರಿಗೂ ನೆನಪಾಗಲಿಲ್ಲ. ಚಹಾ ಆರಿತು.

ಎಲ್ಲರೂ ಹೋದ ಮೇಲೆ ಅವಳು ಹಾಜರಿ ಪುಸ್ತಕ ತಂದು ದೊಡ್ಡಪ್ಪನ ಮುಂದಿಟ್ಟಳು. ಅವರು ಸಹಿ ಹಾಕಿ, ಕನ್ನಡಕದ ಮೇಲಿಂದ ನೋಡಿದರು.

"ಮುಂದಿನ ತಿಂಗಳು ಯಾರದಮ್ಮ ಉಪನ್ಯಾಸ?"

"ಉಪನ್ಯಾಸ ಇಲ್ಲ ದೊಡ್ಡಪ್ಪ. ದಿಣ್ಣೆ ಹತ್ರ ಸೇರೋಣ ಅಂತಿದ್ದೀನಿ. ಅಷ್ಟರೊಳಗೆ ಬಾಗಿಲು ಒಡೆಸಿರ್ತೀನಿ."

"ಎಷ್ಟು ಎತ್ತರ ಇಡ್ತೀಯ?"

ಅವಳು ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ನೀರು ಬಿಡುವ ಹೊಸಬ ಎಷ್ಟು ಎತ್ತರವಿದ್ದಾನೆ ಎಂಬುದನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ.

ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಹೊರಡ್ರೀ, ಹೊತ್ತಾಯ್ತು," ಎಂದಳು.

"ಸ್ವಲ್ಪ ಇರು," ಎಂದರು ದೊಡ್ಡಪ್ಪ. "ಅವಳು ಯೋಚನೆ ಮಾಡ್ತಿದ್ದಾಳೆ."