ಸೋದರಮಾವನ ತೊಡೆ

ತೊಡೆಯ ಮೇಲೆ ಇಳಿದದ್ದು ತಣ್ಣಗಿದೆ, ಹಾಗಾದರೆ ಉಚ್ಚೆಯಲ್ಲ, ನೀರೇ, ಕ್ಷೌರದ ಕೋನಪ್ಪ ಬೊಗಸೆಯಲ್ಲಿ ತೆಗೆದು ಮಗುವಿನ ತಲೆಗೆ ತಟ್ಟಿದ್ದು, ಕೂದಲಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಹಳೇ ಫ್ರಾಕಿಗೆ, ಫ್ರಾಕಿನಿಂದ ಹರಿಕೃಷ್ಣನ ಹೊಸ ಪಂಚೆಗೆ, ಇನ್ನು ಅಲ್ಲಿಂದ ಮೇಲಕ್ಕೆ ಹತ್ತಿದರೆ — ಅವನು ಹೊಟ್ಟೆಯನ್ನು ಒಳಕ್ಕೆಳೆದುಕೊಂಡ, ಎಳೆದುಕೊಂಡಷ್ಟೂ ಅದೂ ಜೊತೆಗೇ ಬಂತು, ಹೊಕ್ಕುಳಿನ ಎಡಕ್ಕೆ, ಅಂಗಿಯ ಕೆಳಗೆ, ಬೆಲ್ಟಿಗೂ ಚರ್ಮಕ್ಕೂ ನಡುವೆ, ಬೆಳಗಿನಿಂದ ಮೈಯ ಬಿಸಿಗೆ ತಾನೂ ಬಿಸಿಯಾಗಿ ಈಗ ಕಬ್ಬಿಣವೋ ತನ್ನದೇ ಇನ್ನೊಂದು ಎಲುಬೋ ತಿಳಿಯದ ಹಾಗೆ ಕೂತಿರುವ ಪಿಸ್ತೂಲು, ಅದರ ಮೂತಿ ಕೆಳಕ್ಕೆ, ಕೆಳಗೆ ಅವನ ತೊಡೆ, ತೊಡೆಯ ಮೇಲೆ ತನುಜ, ತಂಗಿಯ ಮಗಳು, ಇನ್ನೂ ಮೂರು ತುಂಬದ ಕೂಸು. ತಲೆ ಅಲ್ಲಾಡಬಾರ್ದು ಹರಿಯಪ್ಪ, ಎರಡು ಕೈಲೂ ಬಿಗಿಯಾಗಿ ಹಿಡ್ಕ, ಕೋನಪ್ಪ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸುತ್ತ ಹೇಳಿದ, ಗನ್ ಹಿಡಿಯೋ ಕೈ ಅಂತಾರೆ, ಮಗು ತಲೆ ಹಿಡಿಯಕ್ಕೆ ಹಿಂಗ್ ಹೆದರ್ತೈತಲ್ಲಪ್ಪ, ಹೊಂಗೆ ಮರದ ನೆರಳಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು, ಅವನೂ ನಕ್ಕ, ನಕ್ಕಾಗ ಹೊಟ್ಟೆ ಕುಲುಕಿತು, ಅದೂ ಕುಲುಕಿತು, ತಟ್ಟನೆ ನಗು ನಿಲ್ಲಿಸಿದ. ನಗಬಾರದು. ಕೆಮ್ಮಬಾರದು. ಬೆನ್ನು ನೆಟ್ಟಗೆ. ಮಗುವಿನ ತಲೆಯ ಎರಡು ಪಕ್ಕಕ್ಕೂ ಅಂಗೈ ಒತ್ತಿ ಹಿಡಿದ, ಒಳಗೆ ನಾಡಿ ಬಡಿಯುತ್ತಿದೆ, ಮರಿ ಕೋಳಿಯನ್ನು ಹಿಡಿದ ಹಾಗೆ, ಸ್ವಲ್ಪ ಜೋರು ಮಾಡಿದರೆ ಏನೋ ಆಗಿಬಿಡುತ್ತದೆ ಅನ್ನುವ ಹಾಗೆ.

ಸೋದರಮಾವನ ತೊಡೆ ಬೇಕೇ ಬೇಕು, ಮುಡಿ ತೆಗೆಯುವುದಕ್ಕೂ ಆಮೇಲೆ ಕಿವಿ ಚುಚ್ಚುವುದಕ್ಕೂ, ತಂಗಿ ಶೋಭಾರಾಣಿಗೆ ಇರುವುದು ಒಬ್ಬನೇ ಅಣ್ಣ, ನೀನು ಬರಲಿಲ್ಲ ಅಂದ್ರೆ ನನ್ನ ಮಗಳನ್ನ ಯಾರ ತೊಡೆ ಮೇಲೆ ಕೂರಿಸ್ಲಿ ಅಣ್ಣ, ಫೋನಿನಲ್ಲಿ ಅತ್ತೇಬಿಟ್ಟಿದ್ದಳು, ರೇಷ್ಮೆ ಹುಳ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಾಗಿದೆ, ಹಣ್ಣಾಗಿ ಗೂಡು ಕಟ್ಟೋಕೆ ನಿಂತ್ರೆ ನಮ್ಮನೇಲಿ ಯಾರಿಗೂ ಉಸಿರಾಡಕ್ಕೂ ಬಿಡುವಿರಲ್ಲ, ಈ ಸೋಮವಾರ ಬಿಟ್ರೆ ಇಲ್ಲ, ಆಮೇಲೆ, ಅಣ್ಣ, ಅದನ್ನ ಮಾತ್ರ ತರಬೇಡ, ನಮ್ಮತ್ತೆ ಮನೆಯೋರು ಏನಂತಾರೋ ಅಂತಲ್ಲ, ನಂಗೇ ಆಗಲ್ಲ, ದೇವರ ಮುಂದೆ ಅದು ಬೇಡ. ಅದು ಅಂದರೆ ದೊಡ್ಡದು. ತಾತನ ಡಬಲ್ ಬ್ಯಾರಲ್, ಕಡಲೆಕಾಯಿ ಹೊಲಕ್ಕೆ ಹಂದಿ ಬರುತ್ತವೆ ಅಂತ ತಾತ ಲೈಸೆನ್ಸ್ ಮಾಡಿಸಿದ್ದು, ತಾತ ಹೋದ ಮೇಲೆ ಹರಿಕೃಷ್ಣನ ಹೆಸರಿಗೆ ಬಂತು, ಬಂದೂಕಿನ ಹಿಂದೆಯೇ ಕೆಲಸವೂ ಬಂತು, ಚಲಪತಣ್ಣ ಅವನ ಊರು ಮಂಚೇನಹಳ್ಳಿಗೇ ಕಾರು ತಂದು, ಗೌರಿಬಿದನೂರು ಕಡೆ ಲೇಔಟು, ಬಂಡೆ ಕ್ವಾರಿ ಅಂತ ಸುತ್ತಾಡ್ತಾ ಇರ್ತೀನಪ್ಪ, ಜೊತೆಗೆ ಒಬ್ಬ ಬೇಕು ಅಂದಿದ್ದರು. ಅವತ್ತಿನಿಂದ ಅವನು ಗನ್‌ಮ್ಯಾನ್ ಹರಿ, ಚಿಕ್ಕಬಳ್ಳಾಪುರದ ಹೋಟೆಲುಗಳಲ್ಲಿ ಸಪ್ಲೈಯರ್ ಹುಡುಗರು ಅವನ ಭುಜ ನೋಡಿ ದಾರಿ ಬಿಡುತ್ತಿದ್ದರು, ಸುಳ್ಳೇಕೆ, ಅದು ಅವನಿಗೆ ಹಿಡಿಸಿತ್ತು, ದೊಡ್ಡದು ಇದ್ದದ್ದೇ ಊರಿಗೆ ಕಾಣಲಿ ಅಂತ. ಚಿಂತಾಮಣಿ ರಸ್ತೆಯಲ್ಲಿ ಬೈಕಿನವರಿಬ್ಬರು ಮಚ್ಚು ಬೀಸಿ ಕಾರಿನ ಗಾಜು ಒಡೆದ ಮೇಲೆ ಚಲಪತಣ್ಣನಿಗೆ ಅದು ಸಾಲಲಿಲ್ಲ, ಏನಪ್ಪಾ ಹರಿ, ನೀನು ಆ ಒನಕೆ ಹೊರಗೆ ತೆಗೆಯೋಷ್ಟರಲ್ಲಿ ನನ್ನ ಕೈ ರಸ್ತೇಲಿ ಬಿದ್ದಿರುತ್ತೆ, ಇಕಾ ಇದನ್ನ ಇಟ್ಕ, ದೊಡ್ಡದು ಊರಿಗೆಲ್ಲ ಗೊತ್ತು, ಸಣ್ಣದು ನಿಂಗೆ ನಂಗೆ ಮಾತ್ರ. ಬಟ್ಟೆಯಲ್ಲಿ ಸುತ್ತಿಕೊಟ್ಟದ್ದನ್ನು ಬಿಚ್ಚಿದಾಗ ಎಣ್ಣೆಯ ವಾಸನೆ. ಲೈಸೆನ್ಸು? ಅದಕ್ಕೆಂಥ ಲೈಸೆನ್ಸಪ್ಪ. ಲಾಕು? ಐತೆ, ಆದ್ರೆ ನಂಬಬೇಡ ಅಂತ ತಂದುಕೊಟ್ಟೋನೇ ಹೇಳಿದ. ಗುಂಡು ತೆಗೆದಿಟ್ಟುಕೊಂಡಿರಲಾ ಅಂದದ್ದಕ್ಕೆ, ಖಾಲಿ ಇಟ್ಕೊಂಡು ಏನ್ ಮೊಳೆ ಹೊಡೀತೀಯಾ.

ಚುನಾವಣೆ ಘೋಷಣೆಯಾಯಿತು, ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು, ಒಪ್ಪಿಸಿ ಹೊರಬಂದಾಗ ಭುಜ ಹಗುರಾಗಿ ದೇಹ ಒಂದೇ ಕಡೆ ವಾಲಿದಂತಾಗಿತ್ತು, ಆಗಲೇ ಶೋಭಾಳಿಗೆ ಫೋನು ಮಾಡಿದ್ದ, ಸ್ಟೇಷನ್ನಲ್ಲಿ ಇಟ್ಟು ಬಂದೆ ಕಣಮ್ಮ, ಖಾಲಿ ಕೈಲಿ ಬರ್ತೀನಿ. ಕೈ ಖಾಲಿಯೇ. ಇವತ್ತು ಬೆಳಿಗ್ಗೆ ಮೇಲೂರಿನ ಗುಡಿಯ ಮುಂದೆ ಕಾರು ಇಳಿದ ಕೂಡಲೇ ಅವಳು ಓಡಿ ಬಂದು ಅವನ ಎರಡು ಕೈಯನ್ನೂ ಹಿಡಿದು ನೋಡಿದ್ದಳು, ಅಂಗೈ, ಮತ್ತೆ ಮುಂಗೈ, ಚಿಕ್ಕಂದಿನಲ್ಲಿ ಅಂಗಡಿಯ ಕುರುಕಲು ಬೋಟಿ ಬಚ್ಚಿಟ್ಟಿದ್ದೀಯಾ ಅಂತ ನೋಡುತ್ತಿದ್ದ ಹಾಗೇ, ಆಮೇಲೆ ಕಣ್ಣಿಗೆ ಒತ್ತಿಕೊಂಡಿದ್ದಳು. ಆಗ ಹೇಳಬಹುದಿತ್ತು. ಹಿಂದೆ ಚಲಪತಣ್ಣ ಇಳಿಯುತ್ತಿದ್ದರು, ರಜ ಕೇಳಿದರೆ ರಜ ಯಾಕಪ್ಪ, ನಾನೇ ಬರ್ತೀನಿ, ನಿನ್ನ ತಂಗಿ ನಂಗೂ ತಂಗಿನೇ, ಹಂಗೇ ಶಿಡ್ಲಘಟ್ಟದಲ್ಲಿ ನಾಲ್ಕು ಜನಾನ ನೋಡ್ದಂಗೂ ಆಗುತ್ತೆ ಅಂತ ಬಂದವರು, ಬಿಳಿ ಅಂಗಿ, ಬಿಳಿ ಪಂಚೆ, ಟಿಕೆಟ್ ಸಿಗುತ್ತದೆ ಅನ್ನುವ ನಗು. ಬರುವ ದಾರಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕಾರಿನ ಡಿಕ್ಕಿ ತೆಗೆಸಿದ್ದರು, ಸೀಟಿನ ಕೆಳಗೆ ಕೈಹಾಕಿದ್ದರು, ಮಗುವಿಗೆ ತಂದ ಓಲೆಯ ಡಬ್ಬಿ ಬಿಚ್ಚಿಸಿದ್ದರು, ಗುರುತಿನ ಪೇದೆಯೊಬ್ಬ ಏನ್ ಹರಿಯಣ್ಣ, ಆಯುಧ ಕಿತ್ಕೊಂಡ ಮೇಲೆ ಮದುವೆ ಗಂಡಿನ ತರ ಕಾಣ್ತೀಯ ಅಂದ, ಮೈ ಮುಟ್ಟಲಿಲ್ಲ. ದಾಟಿದ ಮೇಲೆ ಹರಿಕೃಷ್ಣ ಕೇಳಿದ್ದ, ಅಣ್ಣ, ಮಗು ಕೂರಿಸ್ಕೋಬೇಕು, ಅಷ್ಟು ಹೊತ್ತು ಇದನ್ನ ನೀವು — ಚಲಪತಣ್ಣ ಕಿಟಕಿಯ ಕಡೆ ನೋಡುತ್ತಲೇ, ಪಿಚ್ಚೋಡಾ, ಹುಚ್ಚನಾ ನೀನು, ನನ್ನ ಹತ್ರ ಸಿಕ್ಕಿದ್ರೆ ಟಿಕೆಟ್ ಹೋಯ್ತು, ನಿನ್ನ ಹತ್ರ ಸಿಕ್ಕಿದ್ರೆ ನಾನು ಹೊರಗಿದ್ದು ಬಿಡಿಸ್ತೀನಿ, ಮೈಮೇಲಿಂದ ತೆಗೀಬೇಡ, ಡ್ರೈವರ್‌ಗೂ ಗೊತ್ತಾಗಬಾರ್ದು. ಕಾರು ಇಳಿದ ಮೇಲೆ ಗುಡಿಯ ಹಿಂದಿನ ಹಿಪ್ಪುನೇರಳೆ ಸಾಲಿಗೆ ಹೋದ, ಉಚ್ಚೆ ಹೊಯ್ಯುವವನಂತೆ, ಒಂದು ಬುಡದಲ್ಲಿ ಇಟ್ಟು ಸೊಪ್ಪು ಮುಚ್ಚಿದರೆ ಅರ್ಧ ಗಂಟೆಯ ಮಾತು, ಆದರೆ ಸಾಲಿನ ತುಂಬ ಮಕ್ಕಳು, ಹಣ್ಣು ಹುಡುಕುತ್ತ, ನಾಲಗೆ ನೇರಳೆ ಮಾಡಿಕೊಂಡು, ಒಂದೊಂದು ಬುಡಕ್ಕೂ ಬಗ್ಗಿ ಬಗ್ಗಿ. ವಾಪಸ್ಸು ಬಂದ. ಅಮ್ಮ ಕೂಗುತ್ತಿದ್ದಳು, ಲೋ ಹರಿ, ಹೊತ್ತು ಮೀರ್ತದೆ ಕಣೋ, ಬಂದು ಕೂತ್ಕ.

ಕರ್ರ್ ಕರ್ರ್ ಅನ್ನುತ್ತ ನೆತ್ತಿಯಿಂದ ಮೊದಲ ಕೂದಲ ಕುಚ್ಚು ಬಿತ್ತು, ಶೋಭಾರಾಣಿ ಸೆರಗು ಒಡ್ಡಿ ಹಿಡಿದುಕೊಂಡಳು, ಮಗು ಹೋ ಎಂದು ಶುರುಮಾಡಿತು, ಕಾಲು ಒದರಿತು, ಹಿಮ್ಮಡಿ ಬಂದು ಅವನ ತೊಡೆಗೆ ಬಡಿಯಿತು, ಇನ್ನೊಂದು ಸಲ, ಇನ್ನು ಸ್ವಲ್ಪ ಮೇಲೆ — ಬೇಡ ಬಂಗಾರಿ, ಬೇಡ, ಅಲ್ಲಿಗೆ ಬೇಡ, ಆಗೋಯ್ತು ಆಗೋಯ್ತು ಅಂತ ಅವನ ಬಾಯಿ ಹೇಳುತ್ತಿದೆ, ಮನಸ್ಸು ಅದರ ಮೂತಿಯಿಂದ ಒಂದು ಗೆರೆ ಎಳೆಯುತ್ತಿದೆ, ಇಲ್ಲಿಂದ ಹೊರಟರೆ ಎಲ್ಲಿಗೆ, ಈ ಪುಟ್ಟ ಮಂಡಿಗೆ, ಮಂಡಿ ದಾಟಿ ಕೋನಪ್ಪನ ಕಾಲಿಗೆ, ಹಂದಿಗೆ ಹೊಡೆದಾಗ ತಾತ ಹೇಳುತ್ತಿದ್ದರು, ಗುಂಡು ಹೋಗೋದು ಕಾಣಲ್ಲ ಕಣಪ್ಪ, ಹೋಗಿದ್ದು ಮಾತ್ರ ಕಾಣುತ್ತೆ. ಕೋನಪ್ಪನ ಕತ್ತಿ ಕಿವಿಯ ಹಿಂದಕ್ಕೆ ಬಂದಿದೆ, ಇಲ್ಲೇ ಕಷ್ಟ, ಮಡಿಕೆ ಜಾಸ್ತಿ, ಈಗ ಉಸಿರೂ ಆಡಬಾರ್ದು, ಅಂದ. ಅಷ್ಟರಲ್ಲಿ ಮಗು ಅಳು ನಿಲ್ಲಿಸಿತು. ಸದ್ಯ, ಅಂದುಕೊಂಡ. ನಿಲ್ಲಿಸಿದ್ದೇಕೆ ಅಂತ ತಿಳಿದದ್ದು ಅಂಗಿಯ ಒಳಗೆ ತಣ್ಣಗೆ ಏನೋ ಹರಿದಾಗ, ಒದ್ದೆ ಬೆರಳುಗಳು, ಗುಂಡಿಗೂ ಗುಂಡಿಗೂ ನಡುವೆ ತೂರಿ ಬಂದವು, ಹೊಟ್ಟೆಯ ರೋಮ ಸವರಿದವು, ಸಿಕ್ಕಿತು ಅವಕ್ಕೆ. ಫೋನು. ಮಾಮ, ಫೋನು ಕೊಡು. ಹೆಂಗಸರೆಲ್ಲ ಗೊಳ್ಳೆಂದರು, ಕಳ್ಳಿ, ಮಾವ ಸೊಂಟದಲ್ಲಿ ಬಚ್ಚಿಟ್ಕಂಡಿರೋ ಫೋನು ಕಂಡ್ಹಿಡಿದ್ಲು ನೋಡ್ರೇ, ಅಮ್ಮ ಗದರಿದಳು, ಕೊಡೋ ಹರಿ, ನಿನ್ನ ಫೋನೇನು ಸವೆದೋಗ್ತದಾ, ಹಾಡು ಹಾಕ್ಕೊಟ್ರೆ ಸುಮ್ನೆ ಕೂತ್ಕತದೆ. ಫೋನಲ್ಲಮ್ಮ, ಅಂದ. ಮತ್ತೇನೋ, ಅಂದಳು ಅಮ್ಮ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚಲಪತಣ್ಣನನ್ನು ನೋಡಿದ, ಚಲಪತಣ್ಣ ಕಾಫಿ ಲೋಟದೊಳಗೆ ನೋಡುತ್ತಿದ್ದರು.

ಎರಡು ಕೈಯೂ ಬಿಡುವಿಲ್ವಲ್ಲ ಪಾಪ ಅಣ್ಣಂಗೆ, ತಡಿ, ನಾನೇ ತೆಕ್ಕೊಡ್ತೀನಿ, ಶೋಭಾರಾಣಿ ಕೂದಲಿನ ಸೆರಗನ್ನು ಅಮ್ಮನಿಗೆ ಕೊಟ್ಟು ಬಗ್ಗಿದಳು, ಅವಳ ಬಳೆಯ ಕೈ ಅಂಗಿಯ ಅಂಚಿಗೆ ಬರುತ್ತಿದೆ, ಒಳಗೆ ಮಗುವಿನ ಬೆರಳು ಹಿಡಿಯಿಂದ ಕೆಳಕ್ಕೆ ಜಾರುತ್ತಿದೆ, ಅಲ್ಲಿ ಟ್ರಿಗರ್ ಸುತ್ತ ಉಂಗುರದಂಥ ಜಾಗ ಇದೆ, ಉಂಗುರ ಕಂಡರೆ ಯಾವ ಮಗುವಾದರೂ ಬೆರಳು ತೂರಿಸುತ್ತದೆ, ತೋರುಬೆರಳು, ಅಕ್ಕಿಕಾಳಿನಷ್ಟು ಉಗುರು, ಅದರೊಳಗೆ ಹೋದದ್ದು ಅವನ ಚರ್ಮಕ್ಕೇ ಗೊತ್ತಾಗುತ್ತಿದೆ, ತಲೆ ಬಿಡಬಾರದು, ಕತ್ತಿ ಕಿವಿಯ ಬುಡದಲ್ಲಿದೆ, ಬಿಡದಿದ್ದರೆ, ಬಿಟ್ಟರೆ, ಕೋನಪ್ಪ ಕತ್ತಿ ತೆಗಿ ಅಂತ ಕೂಗಬೇಕು, ಕೂಗಿದರೆ ಮಗು ಬೆಚ್ಚುತ್ತದೆ, ಬೆಚ್ಚಿದರೆ ಬೆರಳು ಬಾಗುತ್ತದೆ, ಶೋಭ, ಮುಟ್ಟಬೇಡ, ಮುಟ್ಟಬೇಡಮ್ಮ, ಅದನ್ನೂ ಹೇಳಲಾಗುತ್ತಿಲ್ಲ — ತಲೆ ಬಿಟ್ಟ. ಎರಡು ಕೈಯನ್ನೂ ಅಂಗಿಯ ಒಳಗೆ ತುರುಕಿ ಆ ಮುಂಗೈಯನ್ನು ಹಿಡಿದುಕೊಂಡ. ಮಗು ಕತ್ತು ಹೊರಳಿಸಿತು. ಅಯ್ಯಯ್ಯೋ ಏನ್ ಮಾಡ್ದೆ ಹರಿಯಪ್ಪ, ಕೋನಪ್ಪನ ದನಿ, ಕಿವಿಯ ಹಿಂದಿನಿಂದ ಕೆಂಪು ಗೆರೆಯೊಂದು ಇಳಿದು ಬಂತು, ಮೊದಲು ದಾರದಷ್ಟು, ಆಮೇಲೆ ಹರಡಿ, ಮಗುವಿನ ಬಾಯಿ ತೆರೆದುಕೊಂಡಿತು, ಸದ್ದು ಬರುವುದಕ್ಕೆ ಮುಂಚಿನ ಆ ಕಪ್ಪು ಬಾಯಿ. ಅವನ ಕೈಯ ಮೇಲೆ ಇನ್ನೊಂದು ಕೈ ಇತ್ತು. ಶೋಭಾಳದು. ಬಟ್ಟೆಯ ಮೇಲಿಂದಲೇ ಅವಳ ಅಂಗೈ ಅದರ ಉದ್ದಕ್ಕೂ ಒಮ್ಮೆ ಹೋಗಿ ನಿಂತಿತು, ಕತ್ತಲಲ್ಲಿ ಹಾವನ್ನು ಮುಟ್ಟಿದವಳಂತೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನಿಂತಿತು, ಅವಳು ಅವನ ಮುಖ ನೋಡಿದಳು. ಖಾಲಿ ಕೈಲಿ ಬರ್ತೀನಿ ಕಣಮ್ಮ.

ಮಗುವನ್ನು ಎತ್ತಿಕೊಂಡಳು. ಅರಿಶಿನ, ಅರಿಶಿನ ತನ್ನಿ ಅಂತ ಯಾರೋ ಓಡಿದರು, ಗಾಯ ಆಳ ಇಲ್ಲ ತಾಯಿ, ಬರೀ ತೊಗಲು ಅಂತ ಕೋನಪ್ಪ ಎಲ್ಲರಿಗೂ ತೋರಿಸಿದ, ಮಿಕ್ಕ ಕೂದಲನ್ನು ತಾಯಿಯ ಹೆಗಲಿನ ಮೇಲೆಯೇ ತೆಗೆದ, ಏನಾಯ್ತೇ ಇವನಿಗೆ, ಅಮ್ಮ ಕೇಳಿದಳು. ಹರಿಕೃಷ್ಣ ತಂಗಿಯ ಬಾಯಿಯನ್ನೇ ನೋಡಿದ, ಈಗ ಹೇಳುತ್ತಾಳೆ, ಹೇಳಿಬಿಡಲಿ, ಅವಳ ಗಂಡನ ಮನೆಯವರೆಲ್ಲ ಇದ್ದಾರೆ, ದೇವರೂ ಇದೆ, ಹೇಳಿಬಿಟ್ಟರೆ ಇದನ್ನು ಬಿಚ್ಚಿ ಈ ಚಾಪೆಯ ಮೇಲೆ ಇಟ್ಟುಬಿಡುತ್ತೇನೆ, ಚಲಪತಣ್ಣ ಏನು ಬೇಕಾದರೂ ಮಾಡಲಿ. ಏನಿಲ್ಲಮ್ಮ, ಅಂದಳು ಶೋಭಾರಾಣಿ, ಅಣ್ಣಂಗೆ ಚಿಕ್ಕೋನಿದ್ದಾಗಿಂದ ಕತ್ತಿ ರಕ್ತ ಅಂದ್ರೆ ತಲೆ ಸುತ್ತುತ್ತೆ, ಅಲ್ವಾ ಅಣ್ಣ. ಗನ್‌ಮ್ಯಾನಿಗೆ ರಕ್ತ ಅಂದ್ರೆ ಭಯ! ಈ ಸಲದ ನಗು ಹೊಂಗೆ ಮರದಿಂದ ರಸ್ತೆಯವರೆಗೆ ಹೋಯಿತು, ಚಲಪತಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು, ಇವನನ್ನ ನಂಬ್ಕೊಂಡು ನಾನು ಜೀವ ಹಿಡ್ಕೊಂಡಿದ್ದೀನಲ್ಲಮ್ಮ. ಕಿವಿ ಚುಚ್ಚುವ ಆಚಾರಿ ಚಿನ್ನದ ತಂತಿಗೆ ಬೆಣ್ಣೆ ಸವರಿಕೊಂಡು ಕಾಯುತ್ತಿದ್ದ, ಮಾವ ಬಂದು ಕೂರಲಿ, ಅಂದ. ಬೇಡ, ಅಣ್ಣ ಕೂರಲ್ಲ, ಅಂದಳು ಅವಳು, ಅವನ ಕಡೆ ನೋಡದೆ. ಹಂಗಾದ್ರೆ ನಾನು ಕೂರ್ತೀನಿ ಕೊಡಮ್ಮ, ಮಾವನ ಲೆಕ್ಕಕ್ಕೆ ನಾನೂ ಮಾವನೇ, ಚಲಪತಣ್ಣ ಕುರ್ಚಿಯಿಂದ ಎದ್ದು ಬಂದು ಚಾಪೆಯ ಮೇಲೆ ಪದ್ಮಾಸನ ಹಾಕಿ ಬಿಳಿ ಪಂಚೆ ಸರಿಮಾಡಿಕೊಂಡರು. ಶೋಭಾರಾಣಿ ಒಂದು ಗಳಿಗೆ ಆ ಹರಡಿದ ತೊಡೆಗಳನ್ನು, ಆ ಹಗುರ ಸೊಂಟವನ್ನು ನೋಡಿದಳು, ಅಲ್ಲಿ ಏನೂ ಇರಲಿಲ್ಲ, ನಿಜವಾಗಿಯೂ ಏನೂ ಇರಲಿಲ್ಲ, ಮಗುವನ್ನು ಅಲ್ಲಿ ಕೂರಿಸಿದಳು.

ಹಿಂದೆ ನಿಲ್ಲು, ಅಂತ ಚಲಪತಣ್ಣ ಕಣ್ಣಲ್ಲೇ ಹೇಳಿದರು, ಹರಿಕೃಷ್ಣ ಹೋಗಿ ನಿಂತ, ಎಂದಿನ ಜಾಗದಲ್ಲಿ, ಎಡಭುಜದ ಹಿಂದೆ, ಕೈ ಹೊಟ್ಟೆಯ ಮೇಲೆ, ಅದು ಇದೆ, ಇರುತ್ತದೆ. ಆಚಾರಿ ಕಿವಿಯ ಹಾಲೆಯನ್ನು ಚಿವುಟಿ ಹಿಡಿದ, ತಂತಿ ತೂರಿತು, ತನುಜ ಕಿರುಚಿದಳು, ಓಲೆ ಯಾರು ತಂದದ್ದು, ಮಾವ ತಂದದ್ದು, ಹೆಂಗಸರು ಹಾಡು ಶುರುಮಾಡಿದರು, ಮಗು ಬಿಳಿ ಅಂಗಿಯನ್ನು ಹಿಡಿದು ಜಗ್ಗುತ್ತಿದೆ, ಏನೋ ಹುಡುಕುತ್ತಿದೆ, ಆ ಬೆರಳು, ಅಂಗಿಯ ಮೇಲೆ ಅದು ಮಡಚುತ್ತಿದೆ ಬಿಚ್ಚುತ್ತಿದೆ, ಅವನು ಹಿಡಿದದ್ದು ಮುಂಗೈಯನ್ನು, ಬೆರಳನ್ನಲ್ಲ, ಬೆರಳು ಆಗ ಎಲ್ಲಿತ್ತು, ಒಳಗೇ ಇತ್ತು, ಮುಂಗೈ ಹಿಡಿದು ಎಳೆದಾಗ ಬೆರಳು ಬಾಗಿತ್ತೋ ಇಲ್ಲವೋ, ಬಾಗಿತ್ತು, ಏನೋ ಸ್ವಲ್ಪ ಅಲುಗಿದ್ದು ಗೊತ್ತಾಗಿತ್ತು, ಅಲುಗಿ ನಿಂತಿತ್ತು, ಲಾಕು ಹಿಡಿದಿತ್ತೋ, ಮಗುವಿನ ಶಕ್ತಿ ಸಾಲಲಿಲ್ಲವೋ, ಇನ್ನು ಒಂದು ಎಳೆಯಷ್ಟು, ತಂಗಿ ಅತ್ತ ತಿರುಗಿ ನಿಂತಿದ್ದಾಳೆ, ಅವಳ ಹೆಗಲಿನ ಮೇಲೆ ಮಗುವಿನ ಕೂದಲು, ಇಲ್ಲಿ ಬಿಳಿ ಅಂಗಿಯ ಮೇಲೆ ಬೆರಳು, ಅಕ್ಕಿಕಾಳಿನಷ್ಟು ಉಗುರು, ಅದರ ಗೆಣ್ಣು, ಅವನ ಕಣ್ಣೊಳಗೆ ಅದು ಇನ್ನೂ ಬಾಗುತ್ತಿದೆ, ಬಾಗುತ್ತಿದೆ, ಉಂಗುರದೊಳಗೆ ಆ ಬೆರಳು —